ತಮ್ಮನಿಗಾಗಿ ಸಡಿಲಿಸಿದ ಮನೆ

ಬಾಯಿಂದ ಬರುತ್ತಿರುವುದು ಹೊಗೆಯಲ್ಲ, ಉಸಿರು, ತನ್ನದೇ ಉಸಿರು, ಬೆಳ್ಳಗೆ ಮೂಗಿನ ಮುಂದೆ ಎದ್ದು ಚೆದುರಿ ಹೋಗುತ್ತಿದೆ, ಇನ್ನೊಂದು ಸಲ ಹೂ ಅಂತ ಊದಿ ನೋಡಿದಳು, ಐವತ್ತೊಂದು ವರ್ಷದ ಹೆಂಗಸು ನಡುಬೀದಿಯಲ್ಲಿ ನಿಂತು ಉಸಿರಿನ ಜೊತೆ ಆಟವಾಡುವುದನ್ನು ಹಾಲಿನಂಗಡಿಯವನು ಕಂಡು ನಕ್ಕ, ನಗಲಿ, ಇವತ್ತು ಇಡೀ ಬೀದಿ ನಕ್ಕರೂ ಅವಳಿಗೇನೂ ಅನ್ನಿಸುವುದಿಲ್ಲ — ಹನ್ನೊಂದೂವರೆಗೆ ಬಸ್ಸು, ಬಸ್ಸಿನೊಳಗೆ ತಮ್ಮ, ತಮ್ಮನ ತೊಡೆಯ ಮೇಲೆ ಟೂಲ್ ಬ್ಯಾಗು. ಬ್ಯಾಗ್ ತರ್ತೀಯೇನೋ ಗುಂಡ ಅಂತ ನಿನ್ನೆ ಫೋನಿನಲ್ಲಿ ಕೇಳಿಯೇಬಿಟ್ಟಳಲ್ಲ, ಕೇಳಬಾರದಿತ್ತೇನೋ, ಅವನು ಹೂಂ ಕಣಕ್ಕ, ತರ್ತೀನಿ, ಯಾಕೆ, ಏನಾದ್ರೂ ಕೆಟ್ಟಿದೆಯಾ ಅಂದ, ದನಿಯಲ್ಲಿ ಅದೆಂಥ ಆಸೆ, ಅವಳು ನಾಲಿಗೆ ಕಚ್ಚಿಕೊಂಡು ಅಯ್ಯೋ ಏನೂ ಇಲ್ಲಪ್ಪ, ಸುಮ್ನೆ ಕೇಳ್ದೆ ಅಂದಳು. ಏನೂ ಇಲ್ಲವಂತೆ! ಏಳು ಕೆಟ್ಟಿವೆ, ಏಳು, ಮತ್ತು ಏಳನ್ನೂ ಅವಳೇ ಕೂತು ಕೆಡಿಸಿದ್ದಾಳೆ, ಯಜಮಾನರು ಶಾಲೆಗೆ ಹೋದ ಮೇಲೆ ದಿನಕ್ಕೊಂದರಂತೆ, ಕಳ್ಳಿಯ ಹಾಗೆ. ಅಡುಗೆಮನೆಯ ನಲ್ಲಿಗೆ ಸವೆದ ವಾಷರ್ ಹುಡುಕಿ ಹಾಕಿದಳು, ಅರ್ಧ ನಿಮಿಷಕ್ಕೊಂದು ಹನಿ, ಅದಕ್ಕಿಂತ ಹೆಚ್ಚಾದರೆ ನೀರು ದಂಡ, ಕಡಿಮೆಯಾದರೆ ಅವನ ಕಣ್ಣಿಗೆ ಬೀಳುವುದಿಲ್ಲ. ಮುಂಬಾಗಿಲಿನ ಕೀಲಿನ ಸ್ಕ್ರೂ ಎರಡೂವರೆ ಸುತ್ತು ಸಡಿಲ, ಬಾಗಿಲು ತೆಗೆದರೆ ಕೊಂಯ್ ಅಂತ ಅಳಬೇಕು. ಊಟದ ಮೇಜಿನ ನಾಲ್ಕನೆಯ ಕುರ್ಚಿಯ ಕಾಲು, ಅದೇ ಅವನು ಕೂರುವ ಕುರ್ಚಿ. ಕಿಟಕಿಯ ಚಿಲಕ, ಬಾಣಲೆಯ ಹಿಡಿ, ಕಪಾಟಿನ ಡ್ರಾಯರು — ಗೋಡೆ ಗಡಿಯಾರವನ್ನಂತೂ ಒಂದು ಕೂದಲೆಳೆಯಷ್ಟು ಓರೆ ಮಾಡಿ ನೇತುಹಾಕಿದ್ದಾಳೆ, ದಿನಕ್ಕೆರಡು ಸಲ ನಿಂತುಹೋಗುತ್ತದೆ. ಹೊಲಿಗೆ ಕಾರ್ಖಾನೆಯ ನೂರ ನಲವತ್ತು ಮಷೀನುಗಳನ್ನು ಇಪ್ಪತ್ತಾರು ವರ್ಷದಿಂದ ಸರಿಮಾಡುತ್ತ ಬಂದವಳು, ಟೈಲರುಗಳೆಲ್ಲ ಮಷೀನಮ್ಮ ಅಂತಲೇ ಕರೆಯುವವಳು, ಕೆಡಿಸುವುದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತೇ ಇರಲಿಲ್ಲ ಅವಳಿಗೆ, ಕೈ ಒಪ್ಪುವುದೇ ಇಲ್ಲ, ಸಡಿಲ ಮಾಡು ಅಂದರೆ ತಾನಾಗಿ ಬಿಗಿ ಮಾಡಿ ಕೂರುತ್ತದೆ.

ನೋಡಿದವರು ಹುಚ್ಚು ಅಂದಾರು, ಅನ್ನಲಿ, ಅವರಿಗೇನು ಗೊತ್ತು ಅಪ್ಪನ ಮನೆಯ ಕಾನೂನು. ಅಪ್ಪ ಸ್ಟವ್, ಕೊಡೆ, ಹೊಲಿಗೆ ಯಂತ್ರ, ಏನು ತಂದುಕೊಟ್ಟರೂ ರಿಪೇರಿ ಮಾಡುವ ಮನುಷ್ಯ, ಮನೆಯೊಳಗೆ ಯಾರೂ ಯಾರಿಗೂ ಥ್ಯಾಂಕ್ಸ್ ಅನ್ನಕೂಡದು, ಅಂಗಡಿಯವರಿಗೆ ಅನ್ನೋ ಮಾತು ಕಣೇ ಅದು, ಮನೆಯವರಿಗಲ್ಲ, ಅನ್ನುತ್ತಿದ್ದ. ಹಾಗಾದರೆ ಏನು ಮಾಡಬೇಕು? ಯಾರಿಗೆ ಥ್ಯಾಂಕ್ಸ್ ಅನ್ನಬೇಕು ಅನ್ನಿಸುತ್ತದೋ ಅವರದ್ದು ಏನಾದರೂ ಹಾಳಾಗಿದ್ದರೆ ಸದ್ದಿಲ್ಲದೆ ಸರಿ ಮಾಡಿಟ್ಟುಬಿಡಬೇಕು, ಅಷ್ಟೆ, ಅವರಿಗೆ ತಿಳಿಯುತ್ತದೆ. ವರ್ಷವೆಲ್ಲ ಅಪ್ಪನಿಗೆ ಪುರುಸೊತ್ತಿಲ್ಲ, ಚಳಿಗಾಲದ ರಜೆ ಬಂತೆಂದರೆ ಅಂಗಡಿಗೆ ಬಾಗಿಲು, ಆ ಹತ್ತು ದಿನ ಉಳಿದ ಮನೆಗಳಲ್ಲಿ ನೆಂಟರು, ನಿದ್ದೆ, ಕಂಬಳಿ — ಅವರ ಮನೆಯಲ್ಲಿ ಹಜಾರದ ತುಂಬ ಸ್ಪ್ಯಾನರು, ಗ್ರೀಸು, ಕಾಲಿಟ್ಟಲ್ಲಿ ಸ್ಕ್ರೂ ಚುಚ್ಚುತ್ತದೆ. ಅವಳ ಮುರಿದ ಕಂಪಾಸ್ ಡಬ್ಬಿಯ ಮುಚ್ಚಳ ಒಂದು ಬೆಳಿಗ್ಗೆ ನೋಡಿದರೆ ಸರಿಯಾಗಿದೆ, ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ಕೇಳುವ ಹಾಗಿಲ್ಲ, ತಾನೇ ಯೋಚಿಸಿ ಪತ್ತೆ ಹಚ್ಚಬೇಕು, ಓಹೋ, ಹೋದ ತಿಂಗಳು ಗುಂಡನ ಬೆಂಕಿಯಂಥ ಜ್ವರದಲ್ಲಿ ಅವನ ಹಣೆಗೆ ಬಟ್ಟೆ ಹಾಕುತ್ತ ಕೂತಿದ್ದೆನಲ್ಲ, ಅದಕ್ಕೆ. ಏಳು ವರ್ಷದ ಪೋರ, ಗಮ್ ಮೆತ್ತಿಕೊಂಡ ಬೆರಳು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದ. ಅಮ್ಮನಿಗೋ ರಿಪೇರಿ ಬರುವುದಿಲ್ಲ, ಅವಳು ಅಪ್ಪನ ಅಂಗಿಯ ಗಟ್ಟಿಯಾಗೇ ಇದ್ದ ಗುಂಡಿಯನ್ನು ಕತ್ತರಿಸಿ ಮತ್ತೆ ಹೊಲಿಯುತ್ತಿದ್ದಳು, ಅಪ್ಪನಿಗೂ ಗೊತ್ತಿತ್ತು, ಹೊಸ ದಾರವನ್ನು ಬೆರಳಲ್ಲಿ ಸವರಿ ಸವರಿ ನಗುತ್ತಿದ್ದ. ರಜೆಯ ಕೊನೆಯ ಸಂಜೆ ಎಲ್ಲರೂ ಹಜಾರದಲ್ಲಿ ಕಣ್ಣು ಮುಚ್ಚಿ ಕೂರಬೇಕು, ಅದೇ ಪ್ರಾರ್ಥನೆ, ಏನನ್ನೂ ಕೇಳಿಕೊಳ್ಳುವಂತಿಲ್ಲ, ಬೇಡೋದು ವರ್ಷವೆಲ್ಲ ಇದ್ದದ್ದೇ, ಇವತ್ತೊಂದಿನ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಅನ್ನುವನು ಅಪ್ಪ, ಅವಳು ಒಂದು ಕಣ್ಣು ತೆರೆದು ನೋಡಿದರೆ ಗುಂಡನೂ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿರುತ್ತಿದ್ದ, ನಗು ತಡೆಯಲಾಗದೆ ಇಬ್ಬರಿಗೂ ಹೊಟ್ಟೆ ನೋವು. ಆಲೂಗಡ್ಡೆ ತಗೊಂಡೆನೋ ಇಲ್ಲವೋ — ತಗೊಂಡೆ, ಚೀಲದಲ್ಲಿ ಕೆಳಗಿದೆ, ಮೊಟ್ಟೆ ಮೇಲಿದೆ, ಕಿತ್ತಳೆ ಈ ಕೈಯಲ್ಲಿ.

ಆದರೆ ಕಿಡ್ನಿಗೆ ಏನನ್ನು ರಿಪೇರಿ ಮಾಡಿಕೊಡುತ್ತಾರೆ ಸ್ವಾಮಿ? ಅದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ, ಪಾಪ, ಅವನಾದರೂ ಎಲ್ಲಿ ಅಂದುಕೊಂಡಿದ್ದ, ಮಗಳು ಒಂದು ದಿನ ತನ್ನ ಹೊಟ್ಟೆಯೊಳಗಿಂದ ಒಂದನ್ನು ತೆಗೆಸಿ ತಮ್ಮನಿಗೆ ಹಾಕಿಸುತ್ತಾಳೆ ಅಂತ. ಮೂರು ವರ್ಷ ಆಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಅಂತ ಮಲಗಿ ಮಲಗಿ ಬೂದಿ ಬಣ್ಣಕ್ಕೆ ತಿರುಗಿದ್ದ ಗುಂಡ, ಲಿಫ್ಟ್ ಮೆಕ್ಯಾನಿಕ್ಕು, ಲಿಫ್ಟಿನ ತಳದ ಹಳ್ಳಕ್ಕೆ ಇಳಿದು ಕೇಬಲ್ ಎಳೆಯುತ್ತಿದ್ದ ಆಳು ಒಂದು ಚೊಂಬು ಎತ್ತಲಾರದೆ ಹೋಗಿದ್ದ, ಅವಳದ್ದು ಹೊಂದುತ್ತದೆ ಅಂತ ಡಾಕ್ಟರು ಹೇಳಿದಾಗ ಅವಳಿಗೆ ಹೆದರಿಕೆಯೇ ಆಗಲಿಲ್ಲ, ಸುಳ್ಳು, ಆಗಿತ್ತು, ಬೆವತು ಹೋಗಿದ್ದಳು, ಆಪರೇಷನ್ನಿನ ಹಿಂದಿನ ದಿನ ಸಂಜೆ ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ ಅತ್ತಿತ್ತ ಅಲೆದಳು, ಅಲ್ಲೊಂದು ಪ್ರಾರ್ಥನೆಯ ಕೋಣೆ, ಯಾರು ಬೇಕಾದರೂ ಹೋಗಬಹುದು, ಪಟ ಇಲ್ಲ, ಮೂರ್ತಿ ಇಲ್ಲ, ಎರಡು ಬೆಂಚು ಮತ್ತು ಒಂದು ಕಿಟಕಿ. ಕೂತಳು. ಏನು ಹೇಳುವುದು? ದೇವರೇ ಅನ್ನುವುದಕ್ಕೆ ಹೋದರೆ ಆ ಬಾಗಿಲು, ಯಾರಾದರೂ ಬಂದರೆ ಕಿರ್ರ್, ಹೋದರೆ ಕಿರ್ರ್, ಒಳಗೆ ಕೂತು ಅಳುವವರೆಲ್ಲ ಬೆಚ್ಚಿ ತಿರುಗಿ ನೋಡುತ್ತಾರೆ — ಕೊನೆಗೆ ಅವಳು ಎದ್ದು ಕೈಚೀಲದಲ್ಲಿ ಸದಾ ಇರುವ ಮಷೀನ್ ಎಣ್ಣೆಯ ಪುಟ್ಟ ಬಾಟಲಿ ತೆಗೆದು ಮೂರು ಕೀಲಿಗೂ ಎರಡೆರಡು ಹನಿ ಬಿಟ್ಟು, ಬಾಗಿಲನ್ನು ಹತ್ತು ಸಲ ಆಚೆ ಈಚೆ ಆಡಿಸಿದಳು, ಸದ್ದು ಅಡಗಿತು. ನೀವು ಮೇಂಟೆನೆನ್ಸಿನವರಾ ಅಂತ ನರ್ಸು ಕೇಳಿದಳು, ಹೂಂ ಕಣಮ್ಮ ಅಂದಳು ಇವಳು, ಆಸ್ಪತ್ರೆಯ ಗೌನು ಹಾಕಿಕೊಂಡು! ಅದೇ ಅವಳ ಪ್ರಾರ್ಥನೆ, ಅಷ್ಟೇ, ಒಂದು ಮಾತೂ ಆಡಲಿಲ್ಲ, ಬೇಡಲೂ ಇಲ್ಲ, ಆ ರಾತ್ರಿ ಹಾಯಾಗಿ ನಿದ್ದೆ ಬಂತು. ದೇವರಿಗೆ ತಲುಪಿತೋ ಇಲ್ಲವೋ ಯಾರಿಗೆ ಗೊತ್ತು, ಮೂರನೆಯ ದಿನ ಗುಂಡ ಮೂತ್ರ ಮಾಡಿದ ಅಂತ ಅವನ ಹೆಂಡತಿ ಕಾರಿಡಾರಿನ ಉದ್ದಕ್ಕೂ ಕುಣಿದುಕೊಂಡು ಬಂದಳು, ಅಂಥದ್ದೊಂದು ಸುದ್ದಿಗೆ ಇಷ್ಟು ಜನ ಅತ್ತು ನಕ್ಕು ತಬ್ಬಿಕೊಂಡದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮೊದಲ ವರ್ಷ ಅವನು ಜನರ ನಡುವೆ ಹೋಗುವ ಹಾಗಿರಲಿಲ್ಲ, ಸರಿ. ಎರಡನೆಯ ವರ್ಷವೂ ಡಾಕ್ಟರು ಬೇಡವೆಂದರು, ಸರಿ. ಹೋದ ಚಳಿಗಾಲದಲ್ಲಿ ಬಂದ, ಬಂದೇಬಿಟ್ಟ, ಕೆನ್ನೆ ತುಂಬಿಕೊಂಡಿತ್ತು, ಮತ್ತೆ ಗುಂಡಗುಂಡಗೆ, ಭುಜದ ಮೇಲೆ ಭಾರದ ಬ್ಯಾಗು, ಮತ್ತು ಅವಳು, ಪೆದ್ದಿ, ಶತದಡ್ಡಿ, ತಮ್ಮ ಬರುತ್ತಾನೆ ಅಂತ ವಾರದಿಂದ ಮನೆಯ ಮೂಲೆಮೂಲೆ ತಿಕ್ಕಿ, ಪ್ರತಿ ಕೀಲಿಗೂ ಎಣ್ಣೆ, ಪ್ರತಿ ಸ್ಕ್ರೂವೂ ಬಿಗಿ, ಯಾವುದೂ ಒಂದಿಷ್ಟು ಅಲುಗುವ ಹಾಗಿಲ್ಲ, ಎಲ್ಲ ಹೆಣ್ಣುಮಕ್ಕಳೂ ಮಾಡುವ ಹಾಗೆ ಮನೆಯನ್ನು ಒಪ್ಪ ಮಾಡಿಟ್ಟಿದ್ದಳು! ಅವನು ಕಾಫಿ ಕುಡಿದು ಎದ್ದ, ನಲ್ಲಿ ತಿರುಗಿಸಿ ನೋಡಿದ, ಚೆನ್ನಾಗಿದೆ, ಬಾಗಿಲು ಆಡಿಸಿದ, ಚೆನ್ನಾಗಿದೆ, ಕಿಟಕಿ, ಕುರ್ಚಿ, ಇಸ್ತ್ರಿ ಪೆಟ್ಟಿಗೆ, ಏನಕ್ಕ ಎಲ್ಲಾ ಸರಿಯಾಗೇ ಇದೆಯಲ್ಲ ಅಂದ, ಮತ್ತಿನ್ನೇನೋ, ನಾನು ಯಾರ ಮಗಳು ಅಂತ ಬೀಗಿದಳು, ಬೀಗಿದಳಲ್ಲ, ಆಗ ಅವನ ಎರಡು ಕೈಯೂ — ಗೋಡೆ ಸವರಿ, ಮೇಜು ಸವರಿ, ಮಾಡುವುದಕ್ಕೇನೂ ಸಿಗದೆ ನಿಧಾನವಾಗಿ ಪ್ಯಾಂಟಿನ ಜೇಬಿನೊಳಕ್ಕೆ ಹೋದವು. ಸಂಜೆಯ ಬಸ್ಸಿಗೇ ಹೊರಟುಬಿಟ್ಟ, ಏನೋ ತುರ್ತು ಕೆಲಸವಂತೆ, ಬ್ಯಾಗಿನ ಜಿಪ್ಪನ್ನೂ ತೆಗೆಯಲಿಲ್ಲ. ಬಸ್ಸು ಹೋದ ಮೇಲೆ, ಧೂಳು ಕೂತ ಮೇಲೆ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವಳಿಗೆ ಹೊಳೆಯಿತು, ಅಯ್ಯೋ ದೇವರೇ, ಅವನು ಹೇಳುವುದಕ್ಕೆ ಬಂದಿದ್ದ, ಎರಡು ವರ್ಷ ಹೊತ್ತುಕೊಂಡದ್ದನ್ನು ಇಳಿಸುವುದಕ್ಕೆ ಬಂದಿದ್ದ, ನಾನು ಜಾಗವನ್ನೇ ಕೊಡಲಿಲ್ಲ. ಆಮೇಲೆ ಫೋನೂ ಕಡಿಮೆಯಾಯಿತು, ಮಾಡಿದರೂ ಚೆನ್ನಾಗಿದೀಯಾ, ಚೆನ್ನಾಗಿದೀನಿ, ಮಾತ್ರೆ ತಗೊಂಡ್ಯಾ, ತಗೊಂಡೆ, ಅಷ್ಟೇ, ಅಂಗಡಿಯ ಗಿರಾಕಿಯ ಹಾಗೆ ಮಾತಾಡುತ್ತಾನೆ ತಮ್ಮ, ಅವನ ಹೆಂಡತಿ ಬೇರೆ ಹೇಳಿದಳು, ಅತ್ತಿಗೆ, ಇವರು ನಿಮ್ಮ ಫೋನ್ ಬಂದ್ರೆ ಎದ್ದು ನಿಂತ್ಕೊಂಡುಬಿಡ್ತಾರೆ, ಸಾಹೇಬರ ಫೋನ್ ಬಂದ ಹಾಗೆ. ಒಂದು ವರ್ಷ ಅವಳ ಕಣ್ಣಿಗೆ ಅದೇ, ಕಾರ್ಖಾನೆಯಲ್ಲಿ ಮಷೀನ್ ಬಿಚ್ಚಿದರೂ ಅದೇ, ಅನ್ನ ಕಲೆಸಿದರೂ ಅದೇ, ಎರಡು ಕೈ, ಜೇಬಿನೊಳಕ್ಕೆ ಹೋಗುತ್ತಿರುವ ಎರಡು ಕೈ. ಈ ಸಲವೂ ಹಾಗಾಯಿತೋ, ಮುಗಿಯಿತು, ಮತ್ತೆ ಬರುವುದಿಲ್ಲ ಅವನು, ಅವಳಿಗೆ ಗೊತ್ತು, ಅವನು ಅಪ್ಪನ ಹಾಗೆಯೇ ಹಟಮಾರಿ, ದೂರದಲ್ಲೇ ಇದ್ದುಬಿಡುತ್ತಾನೆ, ಬದುಕಿಸಿಕೊಂಡ ತಮ್ಮನನ್ನು ಅವಳು ಹೀಗೆ ಕಳೆದುಕೊಳ್ಳುತ್ತಾಳೆ.

ಆದರೆ ಆಗುವುದಿಲ್ಲ, ಏಳು ಇವೆ! ಮೆಟ್ಟಿಲು ಹತ್ತುವಾಗ ಕಾಲು ತಾನೇ ಎರಡೆರಡು ಮೆಟ್ಟಿಲು ಹಾರುತ್ತಿದೆ, ಮೂರನೆಯ ಮಹಡಿ, ಒಂದು ಕಿಡ್ನಿಯ ಹೆಂಗಸು, ಎರಡು ಕೈಯಲ್ಲಿ ಚೀಲ, ಏದುಸಿರು, ಆಹಾ, ಮೊದಲು ಅವನಿಗೆ ಬಾಗಿಲೇ ಕೇಳಿಸಬೇಕು, ಬಾಗಿಲು ಕೊಂಯ್ ಅಂದದ್ದೇ ತಡ ಅವನ ಕಿವಿ ನಿಮಿರುತ್ತದೆ, ಏನಕ್ಕ ಇದು, ನಿನ್ ಮನೆ ಬಾಗಿಲು ಹೀಗಾ ಅನ್ನುತ್ತಾನೆ, ಏನ್ಮಾಡ್ಲಪ್ಪ, ಕಾರ್ಖಾನೆ ಕೆಲಸದಲ್ಲಿ ಪುರುಸೊತ್ತೇ ಆಗ್ಲಿಲ್ಲ ಅನ್ನಬೇಕು, ಮುಖ ಸ್ವಲ್ಪ ಸಪ್ಪೆ ಮಾಡಿಕೊಂಡು, ಜಾಸ್ತಿ ಬೇಡ, ಗೊತ್ತಾಗಿಬಿಡುತ್ತದೆ. ಕೀಲು ಮುಗಿಸಿ ನಲ್ಲಿಗೆ ಬರುತ್ತಾನೆ, ಅಷ್ಟರಲ್ಲಿ ಊಟ, ಕುರ್ಚಿ ಅಲುಗುತ್ತದೆ, ಸಂಜೆಗೆ ಗಡಿಯಾರ, ಅದು ಬಲು ಮೋಜು, ಗಂಟೆಗಟ್ಟಲೆ ಬೇಕು ಅವನಿಗೆ ಪತ್ತೆ ಹಚ್ಚುವುದಕ್ಕೆ, ನಾಳೆ ಡ್ರಾಯರು, ನಾಡಿದ್ದು ಕಿಟಕಿ, ನಾಲ್ಕು ದಿನ ಇಟ್ಟುಕೊಳ್ಳಬಹುದು! ಕೀಲಿಕೈ ಹಾಕಿದಳು, ತಳ್ಳಿದಳು. ಬಾಗಿಲು ತೆರೆದುಕೊಂಡಿತು. ಸದ್ದಿಲ್ಲ. ಇನ್ನೊಂದು ಸಲ ಎಳೆದು ತಳ್ಳಿದಳು, ಸದ್ದಿಲ್ಲ — ಮೇಲಿನ ಕೀಲಿನ ತುಂಬ ಅಡುಗೆ ಎಣ್ಣೆ, ಸೋರಿ ಬಾಗಿಲಿನ ಬಣ್ಣದ ಮೇಲೆಲ್ಲ ಉದ್ದಕ್ಕೆ ಇಳಿದಿದೆ, ಸ್ಕ್ರೂವಿನ ತಲೆ ನುಗ್ಗಾಗಿದೆ, ಯಾರೋ ಚಾಕುವಿನ ತುದಿಯಿಂದ ತಿರುವಿದ್ದಾರೆ. ಹಜಾರದ ನಡುವೆ ಯಜಮಾನರು ನಿಂತಿದ್ದರು, ಶಾಲೆಯಲ್ಲಿ ಗಣಿತದ ಮೇಷ್ಟ್ರು, ಇವತ್ತಿನಿಂದ ರಜೆ, ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಒಂದು ಮೊಳೆಯನ್ನು ನೆಟ್ಟಗೆ ಹೊಡೆದವರಲ್ಲ, ಸ್ವೆಟರಿನ ತೋಳು ಮೇಲೆ ಮಡಿಸಿದೆ, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ಮುಖ ಮಾತ್ರ ಊರಗಲ.

ನೋಡೇ, ಎಲ್ಲಾ ಮುಗಿಸ್ಬಿಟ್ಟೆ ಅಂದರು. ಏನು ಮುಗಿಸಿದ್ರಿ ಅಂದಳು, ಕೇಳುತ್ತಿರುವಾಗಲೇ ಕಿವಿಗೆ ಬಿತ್ತು, ಅಡುಗೆಮನೆ ಮೌನ, ಹನಿ ಇಲ್ಲ, ಗಡಿಯಾರ ಮಾತ್ರ ಟಕ್ ಟಕ್ ಅಂತ ಎಡೆಬಿಡದೆ ನಡೆಯುತ್ತಿದೆ. ಒಂದು ವಾರದಿಂದ ನೋಡ್ತಾ ಇದೀನಿ ಕಣೇ, ಮೊದ್ಲು ನಲ್ಲಿ, ಆಮೇಲೆ ಬಾಗಿಲು, ದಿನಾ ಒಂದೊಂದು, ನಿನ್ನ ಮನೇಲಿ ಹೀಗಾಗೋದು ಅಂದ್ರೇನು, ಸುಸ್ತಾಗಿದೆ ಇವಳಿಗೆ, ಬಾಯಿ ಬಿಟ್ಟು ಹೇಳ್ತಾ ಇಲ್ಲ ಅಂದ್ಕೊಂಡೆ, ಪಟ್ಟಿ ಮಾಡ್ಕೊಂಡೆ, ನೀನು ಅಂಗಡಿಗೆ ಹೋದ ತಕ್ಷಣ ಶುರು ಹಚ್ಕೊಂಡೆ — ಜೇಬಿನಿಂದ ಗೀಟು ಹಾಕಿದ ಹಾಳೆ ತೆಗೆದು ತೋರಿಸುತ್ತಾರೆ, ಏಳು, ಏಳರ ಮುಂದೆಯೂ ಕೆಂಪು ಶಾಯಿಯಲ್ಲಿ ಸರಿ ಗುರುತು, ಉತ್ತರ ಪತ್ರಿಕೆ ತಿದ್ದುವ ಹಾಗೆ. ಅವಳಿಗೆ ಕೂಗಬೇಕು ಅನ್ನಿಸಿತು, ರೀ, ನಿಮಗೆ ಯಾರ್ರೀ ಹೇಳಿದ್ರು, ನಿಮ್ಮ ತಲೆ, ನಿಮ್ಮ ಪಟ್ಟಿ, ಹಾಳಾಗಿ ಹೋಗಲಿ, ಬಾಯಿಯವರೆಗೆ ಬಂದೇಬಿಟ್ಟಿತು, ಬರೀ ರೀ ಅಂದಳು. ಅವರು ನೆಲ ನೋಡುತ್ತಾರೆ. ನಿಮ್ಮ ಮನೆ ಪದ್ಧತಿ ಹೀಗೇ ಅಲ್ವೇನೇ, ಇಷ್ಟು ವರ್ಷ ನನ್ನ ಕೈಲಿ ಆಗಲ್ಲ ಅಂತ ಸುಮ್ನಿದ್ದೆ, ಅವತ್ತು ಆಪರೇಷನ್ ಥಿಯೇಟರಿನ ಮುಂದೆ ಆರು ಗಂಟೆ ಕೂತಿದ್ನಲ್ಲ, ಎಲ್ರೂ ಅವನ ಬಗ್ಗೆ ಕೇಳೋರು, ನಿಮ್ಮ ಭಾವಮೈದ ಹೇಗಿದಾನೆ ಅಂತ, ನನಗೆ ನೀನು ಎದ್ದು ಬಂದ್ರೆ ಸಾಕಾಗಿತ್ತು, ಬಂದೆ. ಅದಕ್ಕೆ ಇದು. ಏನೋ ಬೇರೆ ಹೇಳಲು ಹೊರಟವರು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಊದಿಕೊಂಡರು. ಅವಳು ಕಿತ್ತಳೆಯ ಚೀಲ ಹಿಡಿದುಕೊಂಡೇ ನಿಂತಿದ್ದಾಳೆ, ಮೂರು ವರ್ಷ ತಮ್ಮ ಏನನ್ನು ಹೊತ್ತು ತಿರುಗುತ್ತಿದ್ದಾನೆ ಅಂತ ನೆನೆನೆನೆದು ಕೊರಗಿದವಳು, ಒಂದೇ ಹಾಸಿಗೆಯ ಈ ಕಡೆ ಮಲಗುವ ಮನುಷ್ಯನೂ ಒಂದನ್ನು ಹೊತ್ತಿದ್ದಾನೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ, ನಾಚಿಕೆಯಾಯಿತು, ಖುಷಿಯೂ ಆಯಿತು.

ಆದರೂ ಗಂಟೆ ಹನ್ನೊಂದು ಹತ್ತು. ಅಡುಗೆಮನೆಗೆ ಹೋಗಿ ಚೀಲ ಇಟ್ಟು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು, ಇಪ್ಪತ್ತು ನಿಮಿಷವಿದೆ, ನಲ್ಲಿಯೊಂದನ್ನಾದರೂ ಸಡಿಲ ಮಾಡಿದರೆ ಸಾಕು, ಒಂದು ಸಾಕು, ಒಂದೇ ಒಂದು ಹನಿ — ನಲ್ಲಿ ನೋಡಿದರೆ ನಗು ಬಂತು, ಅಳು ಬಂತು, ಕತ್ತಿನ ಸುತ್ತ ಹಳದಿ ದಾರ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಶಾಲೆಯ ರಬ್ಬರ್ ಬ್ಯಾಂಡು ಹತ್ತು ಹನ್ನೆರಡು, ಗಾಯಕ್ಕೆ ಬಟ್ಟೆ ಸುತ್ತಿದಂತೆ, ಮೇಷ್ಟ್ರ ಹೆಬ್ಬೆರಳೂ ನಲ್ಲಿಯೂ ಒಂದೇ ಥರ ಕಾಣುತ್ತಿವೆ. ಕುರ್ಚಿಯ ಕಾಲಿನ ಕೆಳಗೆ ಮಡಿಸಿದ ಪ್ರಶ್ನೆಪತ್ರಿಕೆ, ಬಾಣಲೆಯ ಹಿಡಿಗೆ ತಂತಿ, ಡ್ರಾಯರಿಗೆ ಸಾಬೂನು ಸವರಿದ್ದಾರೆ. ಅಯ್ಯೋ, ಇದರಷ್ಟು ಕೆಟ್ಟ ರಿಪೇರಿಯನ್ನು ಅವಳು ಹುಟ್ಟಿದಾರಭ್ಯ ಕಂಡಿಲ್ಲ! ಅಂದರೆ — ಅಂದರೆ ಚಿಂತೆಯೇ ಇಲ್ಲ, ಅವಳು ಏನನ್ನೂ ಕೆಡಿಸಬೇಕಾಗಿಲ್ಲ, ಗುಂಡ ಒಳಗೆ ಕಾಲಿಟ್ಟದ್ದೇ ತಡ ಇವನ್ನೆಲ್ಲ ಕಂಡು ತಲೆ ಚಚ್ಚಿಕೊಂಡು ಬ್ಯಾಗು ಬಿಚ್ಚುತ್ತಾನೆ, ಏಳಕ್ಕೆ ಏಳೂ ಉಳಿದಿವೆ, ಮೊದಲಿಗಿಂತ ಜೋರಾಗಿ ಉಳಿದಿವೆ, ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸ್ಕ್ರೂಡ್ರೈವರ್ ಕೆಳಗಿಟ್ಟಳು, ಹಗುರವಾಯಿತು, ಕುಣಿಯುವ ಹಾಗಾಯಿತು, ಹಜಾರದತ್ತ ತಿರುಗಿದರೆ ಯಜಮಾನರು ಕಿಟಕಿಯ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು, ತಮ್ಮಷ್ಟಕ್ಕೇ ತಲೆಯಾಡಿಸುತ್ತಿದ್ದಾರೆ, ಪಾಸಾದ ಹುಡುಗನ ಹಾಗೆ. ಇದನ್ನು ಬಿಚ್ಚುತ್ತಾನೆ ತಮ್ಮ. ಅವರೆದುರಿಗೇ ಬಿಚ್ಚುತ್ತಾನೆ, ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಕಿತ್ತು ಕಸದಬುಟ್ಟಿಗೆ ಹಾಕುತ್ತಾನೆ, ಭಾವ ಏನಿದು ಅಂತ ನಗುತ್ತಾನೆ, ಅವರೂ ನಗುತ್ತಾರೆ, ಅವರು ಯಾವಾಗಲೂ ನಗುತ್ತಾರೆ. ಆರು ಗಂಟೆ ಹೊರಗೆ ಕೂತಿದ್ದವರು. ಬೇಡ, ಬೇಡ, ಅವನು ಒಂದನ್ನಾದರೂ ಮುಟ್ಟಲಿ, ಒಂದು, ಕುರ್ಚಿ — ಕುರ್ಚಿ ಬೇಡ, ಗಡಿಯಾರ — ಯಾವುದನ್ನು ಆರಿಸುವುದು, ಇವರ ಯಾವ ಸರಿ ಗುರುತನ್ನು ಅಳಿಸುವುದು, ಅಷ್ಟರಲ್ಲಿ ಬೆಲ್ಲು.

ರಜೆಯಲ್ಲವೇ, ರಸ್ತೆ ಖಾಲಿ, ಬಸ್ಸು ಬೇಗ ಬಂದಿದೆ, ಅವಳು ಓಡಿಹೋಗಿ ಬಾಗಿಲು ತೆಗೆದಳು, ಗುಂಡ, ಗುಂಡನೇ, ಮೂಗು ಕೆಂಪಗೆ, ಮಂಕಿ ಟೋಪಿ, ಬ್ಯಾಗು ಹೋದ ವರ್ಷಕ್ಕಿಂತ ದೊಡ್ಡದು, ಹೊಸದು, ಅಕ್ಕ ಅಂದ, ಬಾರೋ ಅಂದಳು. ಬಾರಪ್ಪ ಬಾ ಅಂತ ಯಜಮಾನರು ಅವನ ಬೆನ್ನು ತಟ್ಟಿದರು. ಅವನ ಕಣ್ಣು ಆಗಲೇ ಹೊರಟಿದೆ, ಬಾಗಿಲಿನ ಕೀಲು, ಸೋರಿದ ಎಣ್ಣೆ, ಹುಬ್ಬು ಮೇಲೇರಿತು, ಬೂಟು ಬಿಚ್ಚುತ್ತ ಕುರ್ಚಿಯ ಕಾಲಿನ ಕೆಳಗಿನ ಪ್ರಶ್ನೆಪತ್ರಿಕೆ ಕಂಡ, ಮುಖದ ಮೇಲೆ ಎಂಥ ಬೆಳಕು ಬಂತು ನೋಡಿ, ಹಬ್ಬವೇ, ನೀರು ಕುಡೀತೀನಿ ಇರು ಅಂತ ಸೀದಾ ಅಡುಗೆಮನೆಗೆ ನುಗ್ಗಿದ, ನಲ್ಲಿಯ ಮುಂದೆ ನಿಂತ, ಅಕ್ಕಾ ಅಂತ ಕೂಗಿದ, ಏನಿದು ಅಕ್ಕಾ, ಯಾರು ಕಟ್ಟಿದ್ದು ಇದನ್ನ, ಆಗಲೇ ಒಂದು ಕೈ ಬ್ಯಾಗಿನ ಜಿಪ್ಪಿನ ಮೇಲೆ, ಇನ್ನೊಂದು ಕೈ ರಬ್ಬರ್ ಬ್ಯಾಂಡಿನ ಮೇಲೆ, ಒಂದು ವರ್ಷ, ಇಡೀ ಒಂದು ವರ್ಷ ಅವಳು ಕಾದದ್ದು ಇದೇ ಗಳಿಗೆಗೆ, ಅವಳ ಹಿಂದೆ ಬಾಗಿಲಲ್ಲಿ ಹೆಬ್ಬೆರಳು ಹಿಡಿದುಕೊಂಡು ಯಜಮಾನರು, ಮುಟ್ಬೇಡ ಅಂದಳು. ಯಾರು ಅಂದದ್ದು? ಅವಳೇ. ಮುಟ್ಬೇಡ ಗುಂಡ, ಅದು ಭಾವ ಮಾಡಿದ್ದು, ನನಗೆ ಮಾಡಿದ್ದು, ಮನೇಲಿ ಯಾವುದನ್ನೂ ಮುಟ್ಬೇಡ. ಗುಂಡ ಭಾವನನ್ನು ನೋಡಿದ, ಅಕ್ಕನನ್ನು ನೋಡಿದ, ಅಪ್ಪನ ಮಗನಲ್ಲವೇ, ಅರ್ಥವಾಯಿತು, ರಬ್ಬರ್ ಬ್ಯಾಂಡಿನಿಂದ ಕೈ ತೆಗೆದ, ಜಿಪ್ಪಿನಿಂದ ಕೈ ತೆಗೆದ, ಯಜಮಾನರು ಕಾಫಿಗೆ ಹಾಲು ತರ್ತೀನಿ ಅಂತ ಚಪ್ಪಲಿ ಮೆಟ್ಟಿ ಹೊರಟೇಹೋದರು, ಹಾಲು ಮೇಜಿನ ಮೇಲೆಯೇ ಇತ್ತು. ಹಾಗಾದ್ರೆ ನಾನೇನ್ ಮಾಡ್ಲಿ ಅಕ್ಕ ಅಂದ ಗುಂಡ. ನಲವತ್ತಾರು ವರ್ಷದ ಗಂಡಸು, ದನಿ ಒಡೆದುಹೋಗಿದೆ, ನಾನೇನ್ ಮಾಡ್ಲಿ, ಹೋದ ವರ್ಷವೂ ಏನೂ ಸಿಗ್ಲಿಲ್ಲ, ಬಸ್ಸಲ್ಲಿ ದಾರಿಯುದ್ದಕ್ಕೂ ಅತ್ಕೊಂಡು ಹೋದೆ, ಕಂಡಕ್ಟರು ಯಾರ್ ಹೋಗ್ಬಿಟ್ರು ಸಾರ್ ಅಂತ ಕೇಳ್ದ, ಒಂದು ನಲ್ಲಿ ರಿಪೇರಿ ಮಾಡಿ ಇದಕ್ಕೆ ಸಮ ಮಾಡಕ್ಕಾಗುತ್ತಾ ಅಕ್ಕ, ನೂರು ನಲ್ಲಿ ಮಾಡಿದ್ರೂ ಆಗುತ್ತಾ, ನೀನೇ ಹೇಳು. ಬಾಯಲ್ಲಿ ಹೇಳೋ ಅಂದಳು ಅವಳು, ಅಪ್ಪ ಇಲ್ಲಿಲ್ಲ, ಬೈಯೋರಿಲ್ಲ, ಹೇಳು. ಅವನು ಟೋಪಿ ತೆಗೆದ, ಕೆಮ್ಮಿದ, ನೆಟ್ಟಗೆ ನಿಂತ, ಥ್ಯಾಂಕ್ಸ್ ಅಂದ, ಥೇಟು ಅಂಗಡಿಯಲ್ಲಿ ಅಂದ ಹಾಗೆ, ಪರವಾಗಿಲ್ಲ ಬಿಡಿ ಅಂತ ಅವಳ ಬಾಯಿಂದಲೂ ಅಂಗಡಿಯ ಮಾತೇ ಬಂತು, ಬಿಡಿ ಅಂದಳಲ್ಲ, ತಮ್ಮನಿಗೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು, ನಕ್ಕು ನಕ್ಕು ಕಣ್ಣಲ್ಲಿ ನೀರು, ನಗು ನಿಂತಿತು, ಮತ್ತು ಅವನ ಎರಡು ಕೈ, ಅಯ್ಯೋ, ಖಾಲಿ ಕೈ, ಮೇಜು ಸವರಿ, ಸ್ವೆಟರಿನ ಅಂಚು ಸವರಿ, ಕೆಳಗೆ ಇಳಿಯುತ್ತಿವೆ, ಜೇಬಿನ ಹತ್ತಿರ ಬಂದವು, ಬಂದೇಬಿಟ್ಟವು — ಹೋಗಲಿಲ್ಲ. ಎರಡೂ ಮುಂದೆ ಬಂದು ಅವಳ ಬಲಗೈಯನ್ನು ಹಿಡಿದುಕೊಂಡವು, ಎಣ್ಣೆ ಹತ್ತಿದ ಕೈ ಕಣೋ ಅಂದಳು, ಇರ್ಲಿ ಅಂದ, ತನ್ನ ಸ್ವೆಟರ್ ಎತ್ತಿ, ಅಂಗಿಯ ಮೇಲೆ, ಹೊಟ್ಟೆಯ ಬಲಗಡೆ ಕೆಳಗೆ, ಅವಳ ಕಿಡ್ನಿ ಕೂತಿರುವ ಕಡೆ, ಅವಳ ಅಂಗೈಯನ್ನು ಒತ್ತಿ ಹಿಡಿದ, ಅಲ್ಲೊಂದು ಸಣ್ಣ ಉಬ್ಬು, ಬೆಚ್ಚಗೆ, ಅದರ ಮೇಲೆ ಅವಳ ಕೈ, ಅವಳ ಕೈಯ ಮೇಲೆ ಅವನ ಎರಡು ಕೈ, ಬೆಚ್ಚಗೆ, ಎರಡು ಕೈ, ಅವನ ಎರಡೂ ಕೈ —